ಕಬ್ಬು ಬೆಳೆಗಾರರಿಗೆ ಡಿಜಿಟಲ್ ಛಾಯಾಗ್ರಹಣ: ಹೊಸಬರು ಕಲಿಯುವ ಬಗೆ ಹೇಗೆ?



ಬೀಜೋಪಚಾರ, ಕುಳೆ ಕಬ್ಬಿನ ಆರೈಕೆ, ಸುಳಿಕೊರಕದ ಹತೋಟಿ ಮುಂತಾದ ವಿಷಯಗಳನ್ನು ಈ ಪುಟಗಳಲ್ಲಿ ಓದುವುದು ನಿಮಗೆ ರೂಢಿ. ಈ ಸಲ ಫೋಟೋ ತೆಗೆಯುವ ವಿದ್ಯೆಯ ಬಗ್ಗೆ ಬರೆದಿರುವುದನ್ನು ಕಂಡು, ಇದು ಮದುವೆ ಮನೆಯವರಿಗೆ ಬೇಕಾದದ್ದಲ್ಲವೇ, ನಮಗೇಕೆ ಎಂದು ಕೆಲವರು ಕೇಳಬಹುದು. ಕಾರಣ ಇಷ್ಟೇ: ನನ್ನ ಫೋನಿಗೆ ಪ್ರತಿದಿನ ಕಬ್ಬಿನ ಫೋಟೋಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವುಗಳಿಂದ ಏನೂ ತಿಳಿಯುವುದಿಲ್ಲ. ಒಂದರಲ್ಲಿ ಆಕಾಶ ಬೆಳ್ಳಗೆ, ಕಬ್ಬೆಲ್ಲ ಕಪ್ಪಗೆ. ಇನ್ನೊಂದರಲ್ಲಿ ಎಲೆ ಇದೆ, ಆದರೆ ಸ್ಪಷ್ಟವಾಗಿ ಕಾಣುವುದು ಅದರ ಹಿಂದಿನ ಬೇಲಿ. ಮತ್ತೊಂದರಲ್ಲಿ ಹೆಬ್ಬೆರಳೇ ಅರ್ಧ ಚಿತ್ರ. ಕೆಳಗೆ ಒಂದೇ ಸಾಲು: "ಸಾಹೇಬರೇ, ಇದಕ್ಕೇನು ಹೊಡೆಯಬೇಕು?"

ಮೊದಲಾದರೆ ಫೀಲ್ಡ್‌ಮನ್ ಸೈಕಲ್ ಹತ್ತಿ ಅದೇ ದಿನ ಗದ್ದೆಗೆ ಬರುತ್ತಿದ್ದ. 2019-20ರ ಹಂಗಾಮಿನಲ್ಲಿ ಧಾರಬಾಂದೋಡಾದ ಗಾಣ ನಿಂತು, ಗೋವೆಯ ಕಬ್ಬು ಘಟ್ಟ ಹತ್ತಿ ಖಾನಾಪುರದ ಕಡೆಗೆ ಹೋಗಲು ತೊಡಗಿದ ಮೇಲೆ ಆ ಅನುಕೂಲ ಕಡಿಮೆಯಾಯಿತು. ಸಾಂಗೇ, ಧಾರಬಾಂದೋಡಾ, ಸತ್ತರಿಯ ಮೂಲೆಗಳಲ್ಲಿ ಇನ್ನೂ ಕಬ್ಬು ಬಿಡದೆ ಉಳಿದವರ ಗದ್ದೆಗಳು ಒಂದಕ್ಕೊಂದು ದೂರ. ಹೀಗಿರುವಾಗ ಒಂದು ಒಳ್ಳೆಯ ಫೋಟೋ ಎರಡು ದಿನ ಮೊದಲೇ ರೋಗವನ್ನು ಗುರುತಿಸಿಕೊಡಬಲ್ಲದು. ಕೆಟ್ಟ ಫೋಟೋ ಮಾತ್ರ ಫೋಟೋ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಏಕೆಂದರೆ ಅದನ್ನು ನಂಬಿ ಯಾರಾದರೂ ಔಷಧಿ ಬರೆದುಕೊಡುತ್ತಾರೆ.

ಸಾಂಗೇ ಕಡೆಯ ಸದಸ್ಯರೊಬ್ಬರ ಉದಾಹರಣೆ ನೋಡಿರಿ. ಮೂರು ತಿಂಗಳ ಕುಳೆ. ಅಲ್ಲಲ್ಲಿ ಕಬ್ಬು ಬಿಳಿಚಿಕೊಂಡಿತ್ತು. ಸಂಜೆ ಆರು ಗಂಟೆಗೆ, ಸೂರ್ಯ ಮುಳುಗುವ ಹೊತ್ತಿನಲ್ಲಿ, ಅವರು ಎರಡು ಎಲೆಗಳ ಫೋಟೋ ತೆಗೆದು ಪೇಟೆಯ ಗೊಬ್ಬರದ ಅಂಗಡಿಯಲ್ಲಿ ತೋರಿಸಿದರು. ಆ ಬೆಳಕಿನಲ್ಲಿ ಎಲ್ಲ ಎಲೆಯೂ ಹಳದಿಯೇ. ಸಾರಜನಕದ ಕೊರತೆ ಎಂದು ಅಂಗಡಿಯವರು ಯೂರಿಯಾ ಕೊಟ್ಟರು. ಮೂರು ವಾರ ಕಳೆದರೂ ಬಣ್ಣ ತಿರುಗಲಿಲ್ಲ. ಆಗ ನನಗೆ ಕಳಿಸಿದರು. ಬೆಳಿಗ್ಗೆ ಒಂಬತ್ತಕ್ಕೆ, ಇಡೀ ಗುಂಪು ಬುಡದಿಂದ ತುದಿಯವರೆಗೆ ಕಾಣುವಂತೆ, ಪಕ್ಕದ ಗುಂಪೂ ಬರುವಂತೆ ಇನ್ನೊಮ್ಮೆ ತೆಗೆಯಿರಿ ಎಂದೆ. ಆ ಫೋಟೋ ಬಂದಾಗ ಹೇಳಲು ಏನೂ ಉಳಿದಿರಲಿಲ್ಲ. ಒಂದು ಗುಂಪು ಹಚ್ಚಗಿದೆ. ಅದರ ಪಕ್ಕದ್ದು ಹುಲ್ಲಿನ ಪೊದೆಯಂತೆ ಸಣ್ಣ ಸಣ್ಣ ಮರಿಗಳನ್ನು ಹೊಡೆದು ಬಿಳಿಚಿಕೊಂಡಿದೆ. ಸಾರಜನಕದ ಕೊರತೆಯಾದರೆ ಹೀಗೆ ಒಂದನ್ನು ಬಿಟ್ಟು ಒಂದಕ್ಕೆ ಬರುವುದಿಲ್ಲ. ಅದು ಗ್ರಾಸಿ ಶೂಟ್ ರೋಗ. ಬಿತ್ತನೆ ತುಂಡಿನಿಂದ ಬರುತ್ತದೆ, ಜಿಗಿಹುಳುಗಳಿಂದಲೂ ಹರಡುತ್ತದೆ. ಗುಂಪನ್ನು ಕಿತ್ತು ಸುಡುವುದೇ ಅದಕ್ಕೆ ದಾರಿ, ಯೂರಿಯಾ ಅಲ್ಲ. ಗೊಬ್ಬರದ ಹಣ ಹೋಯಿತು, ಮೂರು ವಾರವೂ ಹೋಯಿತು.

ಆ ಸದಸ್ಯರ ಬಳಿ ಇದ್ದದ್ದು ಎರಡೂ ಸಲ ಅದೇ ಫೋನು. ಬೇರೆಯಾದದ್ದು ಹೊತ್ತು, ನಿಂತ ಜಾಗ ಮತ್ತು ಚೌಕಟ್ಟಿನೊಳಗೆ ಏನನ್ನು ಸೇರಿಸಿಕೊಂಡರು ಎಂಬುದು. ಛಾಯಾಗ್ರಹಣ ಕಲಿಯುವುದೆಂದರೆ ಮುಖ್ಯವಾಗಿ ಈ ಮೂರನ್ನು ಕಲಿಯುವುದು.

ಹೊಸ ಕ್ಯಾಮರಾ ಬೇಕೇ?

ಬೇಡ. ಕನಿಷ್ಠ ಒಂದು ವರ್ಷದವರೆಗೆ ಬೇಡ. ನೊಗ ಹಿಡಿಯಲು ಬಾರದವನು ಜೋಡೆತ್ತು ಕೊಂಡಂತೆ ಆಗುತ್ತದೆ.

ಡಿಜಿಟಲ್ ಕ್ಯಾಮರಾದ ಹುಟ್ಟು ಬಹಳ ಹಿಂದಿನದಲ್ಲ. ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಸಿ.ಸಿ.ಡಿ. ಎಂಬ ಬಿಲ್ಲೆಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು. 1975ರಲ್ಲಿ ಕೋಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಇಂಜಿನಿಯರ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾ ಮೂರೂವರೆ ಕಿಲೋ ತೂಗುತ್ತಿತ್ತು. ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಚಿತ್ರವೆಲ್ಲ ಸೇರಿ ಹತ್ತು ಸಾವಿರ ಚುಕ್ಕೆ. ಇಂದು ನಿಮ್ಮ ಅಂಗಿಯ ಜೇಬಿನಲ್ಲಿರುವ ಸಾಧಾರಣ ಫೋನು ಒಂದು ಕೋಟಿಗಿಂತ ಹೆಚ್ಚು ಚುಕ್ಕೆಗಳಲ್ಲಿ ಚಿತ್ರ ಬರೆಯುತ್ತದೆ. ಎಲೆಯ ಮೇಲಿನ ತುಕ್ಕಿನ ಚುಕ್ಕೆ ಕಾಣಲು ಅಷ್ಟು ಧಾರಾಳ ಸಾಕು.

ಕಲಿಯುವವನಿಗೆ ಇದರಿಂದ ಆದ ದೊಡ್ಡ ಉಪಕಾರ ಬೇರೆಯೇ ಇದೆ. ಹಿಂದೆ ಒಂದು ರೀಲಿಗೆ 36 ಚಿತ್ರ. ರೀಲು ಮುಗಿಸಿ, ಸ್ಟುಡಿಯೋಗೆ ಕೊಟ್ಟು, ತೊಳೆಸಿ ತಂದು ನೋಡುವಷ್ಟರಲ್ಲಿ ಯಾವುದನ್ನು ಹೇಗೆ ತೆಗೆದೆವು ಎಂಬುದೇ ಮರೆತಿರುತ್ತಿತ್ತು. ಈಗ ತಪ್ಪು ಕೂಡಲೇ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಕಾಸು ಕೊಡಬೇಕಾಗಿಯೂ ಇಲ್ಲ. ಈ ಅನುಕೂಲವನ್ನು ಹೆಚ್ಚಿನವರು ಬಳಸುವುದಿಲ್ಲ. ಐವತ್ತು ಫೋಟೋ ಒತ್ತಿ ಒಂದನ್ನೂ ದೊಡ್ಡದು ಮಾಡಿ ನೋಡದೆ ಜೇಬಿಗೆ ಹಾಕುತ್ತಾರೆ. ಐದು ತೆಗೆದು ಐದನ್ನೂ ನೋಡುವವನು ಬೇಗ ಕಲಿಯುತ್ತಾನೆ.

ಮೊದಲ ಪಾಠ ಬೆಳಕಿನದು

ಇದಕ್ಕೆ ಗುರು ಬೇಡ. ಒಂದು ಆರೋಗ್ಯವಂತ ಕಬ್ಬಿನ ಎಲೆಯನ್ನು ಆರಿಸಿ ದಾರ ಕಟ್ಟಿ ಗುರುತು ಮಾಡಿರಿ. ಅದರ ಹಿಂದೆ ಒಂದು ಬಿಳಿಯ ಕಾಗದ ಹಿಡಿದು ಬೆಳಿಗ್ಗೆ ಆರೂವರೆ, ಒಂಬತ್ತು, ಮಧ್ಯಾಹ್ನ ಹನ್ನೆರಡು, ನಾಲ್ಕು, ಸಂಜೆ ಆರು ಹೀಗೆ ಐದು ಸಲ ಒಂದೇ ಜಾಗದಿಂದ ಫೋಟೋ ತೆಗೆಯಿರಿ. ರಾತ್ರಿ ಊಟವಾದ ಮೇಲೆ ಐದನ್ನೂ ಒಂದರ ನಂತರ ಒಂದು ನೋಡಿರಿ. ಒಂದೇ ಎಲೆ ಐದು ಬಣ್ಣದಲ್ಲಿ ಕಾಣುತ್ತದೆ. ಮುಂಜಾನೆ ಮತ್ತು ಸಂಜೆಯ ಬಿಸಿಲು ಹಳದಿ ಬಳಿಯುತ್ತದೆ. ನಡುಹಗಲಿನ ನೇರ ಬಿಸಿಲು ಎಲೆಯ ಮೇಲೆ ಬಿಳಿ ಹೊಳಪು ತಂದು ಚುಕ್ಕೆಗಳನ್ನೆಲ್ಲ ನುಂಗಿಬಿಡುತ್ತದೆ. ಸೋಗೆಯ ಅಡಿಗೆ ಹೋದರೆ ಸುತ್ತಲ ಹಸಿರೇ ಚಿತ್ರಕ್ಕೆ ಇಳಿಯುತ್ತದೆ. ನಮ್ಮ ಗೋವೆಯ ಕೆಂಪು ಮುರಕಲ್ಲಿನ ನೆಲ ಎಲೆಯ ತಳಭಾಗಕ್ಕೆ ಕೆಂಪು ಛಾಯೆ ಕೊಡುವುದೂ ಉಂಟು. ಬಿಳಿಯ ಕಾಗದವನ್ನು ಹಿಡಿಯಲು ಹೇಳಿದ್ದು ಇದಕ್ಕಾಗಿ: ಕಾಗದ ಹಳದಿಯಾಗಿ ಬಂದಿದ್ದರೆ ಎಲೆಯ ಹಳದಿಯನ್ನು ನಂಬಬಾರದು.

ರೋಗದ ಫೋಟೋಗೆ ಅತ್ಯುತ್ತಮ ಬೆಳಕೆಂದರೆ ತೆಳುಮೋಡದ ಹಗಲು, ಇಲ್ಲವೇ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಿಮ್ಮ ಮೈಯ ನೆರಳು ಎಲೆಯ ಮೇಲೆ ಬೀಳುವಂತೆ ನಿಂತು ತೆಗೆಯುವುದು. ಮಳೆಗಾಲದಲ್ಲಿ ಮಳೆ ಬಿಟ್ಟ ಅರ್ಧ ಗಂಟೆ ಇನ್ನೂ ಒಳ್ಳೆಯದು.

ಇಲ್ಲಿ ಫೋನಿನ ಒಂದು ದುರಭ್ಯಾಸವನ್ನೂ ಹೇಳಬೇಕು. ಈಗಿನ ಫೋನುಗಳು ಚಿತ್ರವನ್ನು ತಾವಾಗಿಯೇ ಅಂದಗೊಳಿಸುತ್ತವೆ. ಎದುರಿಗೆ ಗಿಡವಿದೆ ಎಂದು ತಿಳಿದ ಕೂಡಲೇ ಹಸಿರಿಗೆ ಇನ್ನಷ್ಟು ಹಸಿರು ಸುರಿಯುತ್ತವೆ. ಹೂದೋಟಕ್ಕೆ ಅದು ಸರಿ. ಬಿಳಿಚಿಕೊಂಡ ಕಬ್ಬಿಗೆ ಅದು ಸುಳ್ಳು ಸಾಕ್ಷಿ. ಕ್ಯಾಮರಾದ ಸೆಟ್ಟಿಂಗಿನಲ್ಲಿ ಎ.ಐ. ಅಥವಾ ಸೀನ್ ಎಂಬ ಹೆಸರಿನಲ್ಲಿರುವ ಆ ಸೌಲಭ್ಯವನ್ನು ಆರಿಸಿ ಇಡಿರಿ. ಬ್ಯೂಟಿ, ಫಿಲ್ಟರ್, ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಇವುಗಳ ಗೊಡವೆಯೂ ಬೇಡ. ಇವು ಎಲ್ಲಿವೆ ಎಂದು ತಿಳಿಯದಿದ್ದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ, ಸೊಸೆಯೋ ಇದ್ದರೆ ಕೇಳಿರಿ. ಕಲಿಸುವವರು ವಯಸ್ಸಿನಲ್ಲಿ ಚಿಕ್ಕವರೆಂಬ ಸಂಕೋಚ ಬೇಡ. ಫೋನಿನ ವಿಷಯದಲ್ಲಿ ಅವರೇ ಹಿರಿಯರು.

ಕಪ್ಪಾಗುವುದು, ಅಲುಗುವುದು, ಮಸುಕಾಗುವುದು

ಹೊಸಬರ ಚಿತ್ರಗಳು ಕೆಡುವುದು ಹೆಚ್ಚಾಗಿ ಈ ಮೂರು ಬಗೆಯಲ್ಲಿ.

ಕ್ಯಾಮರಾ ತನ್ನ ಎದುರಿನ ಬೆಳಕನ್ನೆಲ್ಲ ಒಟ್ಟು ಹಾಕಿ ಸರಾಸರಿ ತೆಗೆಯುತ್ತದೆ. ಎತ್ತರದ ಕಬ್ಬಿನ ಹಿಂದೆ ಬೆಳ್ಳನೆಯ ಆಕಾಶವಿದ್ದರೆ ಬೆಳಕು ವಿಪರೀತವೆಂದು ಭಾವಿಸಿ ಎಲ್ಲವನ್ನೂ ತಗ್ಗಿಸುತ್ತದೆ, ಕಬ್ಬು ಕಪ್ಪಾಗುತ್ತದೆ. ಪರದೆಯ ಮೇಲೆ ಕಬ್ಬು ಇರುವ ಜಾಗವನ್ನು ಬೆರಳಿನಿಂದ ಮುಟ್ಟಿರಿ. ಬೆಳಕು ಅದಕ್ಕೆ ತಕ್ಕಂತೆ ಸರಿಹೋಗುತ್ತದೆ, ಅಲ್ಲಿಯೇ ಸ್ಪಷ್ಟತೆಯೂ ನಿಲ್ಲುತ್ತದೆ. ಸಾಮಾನ್ಯವಾಗಿ ಪಕ್ಕದಲ್ಲಿ ಒಂದು ಸಣ್ಣ ಸೂರ್ಯನ ಗುರುತು ಬರುತ್ತದೆ. ಅದನ್ನು ಮೇಲೆ ಸರಿಸಿದರೆ ಚಿತ್ರ ಬೆಳಗುತ್ತದೆ, ಕೆಳಗೆ ಸರಿಸಿದರೆ ಕಂದುತ್ತದೆ. ಇಷ್ಟು ತಿಳಿದರೆ ಅರ್ಧ ವಿದ್ಯೆ ಬಂದ ಹಾಗೆ.

ಅಲುಗುವುದು ಬೆಳಕಿನ ಕೊರತೆಯಿಂದ. ಕಬ್ಬಿನ ಸಾಲಿನೊಳಗೆ ಹಗಲಿನಲ್ಲೂ ಮಬ್ಬು. ಅಲ್ಲಿ ಕ್ಯಾಮರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗುತ್ತದೆ. ಬಯಲಿನಲ್ಲಿ ಒಂದು ಸೆಕೆಂಡಿನ 500ರಲ್ಲಿ ಒಂದು ಭಾಗ ತೆರೆದರೆ ಸಾಕಾಗುವುದು, ಸಾಲಿನೊಳಗೆ 15ರಲ್ಲಿ ಒಂದು ಭಾಗ ಬೇಕಾದೀತು. ಅಷ್ಟರಲ್ಲಿ ಕೈ ನಡುಗುತ್ತದೆ, ಎಲೆ ಗಾಳಿಗೆ ತೂಗುತ್ತದೆ. ಎರಡೂ ಮೊಳಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಆಮೇಲೆ ಗುಂಡಿ ಒತ್ತಿರಿ. ಎಲೆಯ ತುದಿಯನ್ನು ಇನ್ನೊಬ್ಬರು ಹಿಡಿಯಲಿ. ಸಾಧ್ಯವಾದರೆ ಎಲೆಯನ್ನೋ ಕಬ್ಬನ್ನೋ ಬದುವಿಗೆ ತಂದು ತೆಗೆಯುವುದು ಉತ್ತಮ. ಐ.ಎಸ್.ಒ., ಷಟರ್ ಎಂಬ ಮಾತುಗಳನ್ನು ಕೇಳಿರುತ್ತೀರಿ. ಷಟರ್ ಎಂದರೆ ಈ ತೆರೆದಿಡುವ ಹೊತ್ತು, ಐ.ಎಸ್.ಒ. ಎಂದರೆ ಬಂದ ಬೆಳಕನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಲೆಕ್ಕ. ಹೆಚ್ಚು ಹಿಗ್ಗಿಸಿದರೆ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಅಪರ್ಚರ್ ಎಂಬುದು ಮಸೂರದ ಬಾಯಿಯ ಅಳತೆ. ಬಹುತೇಕ ಫೋನುಗಳಲ್ಲಿ ಅದು ಬದಲಾಗುವುದಿಲ್ಲವಾದ್ದರಿಂದ ಸದ್ಯಕ್ಕೆ ಬಿಟ್ಟುಬಿಡಿರಿ.

ಮಸುಕಾಗುವುದಕ್ಕೆ ಎರಡು ಕಾರಣ. ಒಂದು, ಅತಿ ಹತ್ತಿರ ಹೋಗುವುದು. ಕಣ್ಣಿಗೆ ಒತ್ತಿ ಹಿಡಿದ ಕಾಗದ ಓದಲು ಬರುವುದಿಲ್ಲ, ಫೋನಿಗೂ ಹಾಗೆಯೇ. ಒಂದು ಗೇಣು ದೂರದಲ್ಲಿ ತೆಗೆದು ಆಮೇಲೆ ಬೇಕಾದ ಭಾಗವನ್ನು ಕತ್ತರಿಸಿಕೊಳ್ಳಿರಿ. ಕಡಿಮೆ ಬೆಲೆಯ ಫೋನುಗಳಲ್ಲಿ ಮ್ಯಾಕ್ರೋ ಎಂದು ಬೇರೆಯೇ ಒಂದು ಕಣ್ಣು ಕೊಟ್ಟಿರುತ್ತಾರೆ. ಹೆಚ್ಚಿನ ಪಾಲು ಅದಕ್ಕಿಂತ ಮುಖ್ಯ ಕಣ್ಣೇ ವಾಸಿ. ಇನ್ನೊಂದು ಕಾರಣ ಜೂಮ್. ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿದರೆ ಬಹಳಷ್ಟು ಫೋನುಗಳು ಇದ್ದ ಚುಕ್ಕೆಗಳನ್ನೇ ಹಿಗ್ಗಿಸುತ್ತವೆ. ನಾಲ್ಕು ಹೆಜ್ಜೆ ಮುಂದೆ ನಡೆಯುವುದೇ ನಿಜವಾದ ಜೂಮ್. ಹೇನು, ಮೊಟ್ಟೆಗಳಂಥ ಸಣ್ಣವಕ್ಕೆ ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರವನ್ನು ಫೋನಿನ ಕಣ್ಣಿಗೆ ತಾಗಿಸಿ ಹಿಡಿದರೆ ಆಶ್ಚರ್ಯವಾಗುವಷ್ಟು ಚೆನ್ನಾಗಿ ಬರುತ್ತದೆ.

ದೂರ, ನಡು, ಹತ್ತಿರ

ಯಾವುದೇ ತೊಂದರೆಗೆ ಒಂದೇ ಫೋಟೋ ಸಾಲದು. ಮೊದಲನೆಯದು ಬದುವಿನಿಂದ ಇಡೀ ಗದ್ದೆಯದು: ರೋಗ ಮೂಲೆಯಲ್ಲಿದೆಯೇ, ನೀರು ನಿಲ್ಲುವ ತಗ್ಗಿನಲ್ಲಿದೆಯೇ, ಚದುರಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಎರಡನೆಯದು ಒಂದು ಗುಂಪಿನದು, ಪಕ್ಕದ ಆರೋಗ್ಯವಂತ ಗುಂಪಿನೊಡನೆ. ಮೂರನೆಯದು ಎಲೆ, ಸುಳಿ ಅಥವಾ ಗಣ್ಣಿನದು. ಅದರ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವನ್ನೋ ಬೆಂಕಿಪೊಟ್ಟಣವನ್ನೋ ಇಡಿರಿ. ಅಳತೆಯಿಲ್ಲದೆ ತೂತು ಎಷ್ಟು ದೊಡ್ಡದೆಂದು ನನಗೆ ತಿಳಿಯುವುದು ಹೇಗೆ?

ಯಾವ ರೋಗಕ್ಕೆ ಏನನ್ನು ತೋರಿಸಬೇಕು ಎಂಬುದೂ ಕಲಿಕೆಯ ಭಾಗವೇ. ಕೆಂಪು ಕೊಳೆ ರೋಗದ ಸಂಶಯವಿದ್ದರೆ ಹೊರಗಿನ ಫೋಟೋದಿಂದ ಪ್ರಯೋಜನ ಕಡಿಮೆ. ಕಬ್ಬನ್ನು ಉದ್ದಕ್ಕೆ ಸೀಳಿ, ನೆರಳಿನಲ್ಲಿ ಗೋಣಿಯ ಮೇಲಿಟ್ಟು ತೆಗೆಯಿರಿ. ಕೆಂಪಾದ ತಿರುಳಿನ ನಡುವೆ ಅಡ್ಡಡ್ಡಲಾಗಿ ಬಿಳಿಯ ಪಟ್ಟೆಗಳು ಬಂದಿವೆಯೇ ಎಂಬುದನ್ನು ನಾವು ನೋಡುತ್ತೇವೆ. ಹೆಂಡದಂಥ ಹುಳಿವಾಸನೆ ಫೋಟೋದಲ್ಲಿ ಬರುವುದಿಲ್ಲ, ಅದನ್ನು ಬರೆದು ತಿಳಿಸಿರಿ. ಕಾಡಿಗೆ ರೋಗದ ಕಪ್ಪು ಚಾಟಿಯನ್ನು ಆಕಾಶಕ್ಕೆ ಎದುರಾಗಿ ತೆಗೆಯದೆ ಹಿಂದೆ ಒಂದು ಟವೆಲ್ ಹಿಡಿದು ತೆಗೆದರೆ ಅದರ ಮೇಲಿನ ಪುಡಿಯೂ ಕಾಣುತ್ತದೆ. ಎಳೆಯ ಬೆಳೆಯಲ್ಲಿ ಸುಳಿ ಒಣಗಿದ್ದರೆ ಅದನ್ನು ಎಳೆದು ನೋಡಿ, ಸಲೀಸಾಗಿ ಕಿತ್ತುಬಂದರೆ ಬುಡದ ಕಡೆಯಿಂದಲೂ, ನೆಲಕ್ಕೆ ಸಮೀಪದ ತೂತು ಕಾಣುವಂತೆ ಕಾಂಡದ್ದೂ ಒಂದೊಂದು ತೆಗೆಯಿರಿ. 2002ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳನ್ನು ಕಂಗೆಡಿಸಿದ ಬಿಳಿ ಉಣ್ಣೆ ಹೇನು ಇರುವುದು ಎಲೆಯ ತಳದಲ್ಲಿ. ಮೇಲುಭಾಗವನ್ನು ಎಷ್ಟು ಅಂದವಾಗಿ ತೆಗೆದರೂ ಅದು ಸಿಗುವುದಿಲ್ಲ.

ಒಂದು ಗೂಟ, ಒಂದು ವರ್ಷ

ಕಲಿಯುವ ದಾರಿಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿರುವುದು ಇದು. ಗದ್ದೆಯ ಒಂದು ಮೂಲೆಯಲ್ಲಿ ಎದೆಯೆತ್ತರದ ಗೂಟ ನೆಡಿರಿ. ನಾಟಿಯಾದ ವಾರದಿಂದ ಕಟಾವಿನವರೆಗೆ, ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಆ ಗೂಟದ ತಲೆಯ ಮೇಲೆ ಫೋನು ಇಟ್ಟು ಒಂದೇ ದಿಕ್ಕಿಗೆ ಒಂದು ಫೋಟೋ ತೆಗೆಯಿರಿ. ಆ ಚೌಕಟ್ಟಿನಲ್ಲಿ ಸ್ಥಿರವಾದ ಒಂದು ಗುರುತು ಇರಲಿ: ಪಂಪ್‌ಸೆಟ್ಟಿನ ಮನೆ, ಕಂಬ, ಹಲಸಿನ ಮರ, ಏನಾದರೂ. ವರ್ಷಕ್ಕೆ ಐವತ್ತೆರಡು ಫೋಟೋ. ತಿಂಗಳಿಗೊಂದನ್ನು ಸ್ಟುಡಿಯೋದಲ್ಲಿ ಮುದ್ರಿಸಿ ಪುಸ್ತಕಕ್ಕೆ ಅಂಟಿಸಿ ಕೆಳಗೆ ತಾರೀಕು, ಕೊಟ್ಟ ಗೊಬ್ಬರ, ನೀರು ಬರೆಯಿರಿ.

ಜಾಗವೂ ದಿಕ್ಕೂ ಗಂಟೆಯೂ ಒಂದೇ ಆದಾಗ ಉಳಿದ ವ್ಯತ್ಯಾಸಗಳು ಎದ್ದು ಕಾಣುತ್ತವೆ. ಮೋಡದ ದಿನದ ಚಿತ್ರ ಬಿಸಿಲಿನ ದಿನಕ್ಕಿಂತ ಹೇಗೆ ಬೇರೆ ಎಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಜೊತೆಗೆ ಬೆಳೆಯ ಕಥೆಯೂ ಸಿಗುತ್ತದೆ: ಮರಿ ಹೊಡೆದದ್ದು ಯಾವ ವಾರ, ಸಾಲು ಮುಚ್ಚಿದ್ದು ಯಾವಾಗ, ಗಾಳಿಗೆ ಒರಗಿದ್ದು ಎಂದು.

ಇದರ ಇನ್ನೊಂದು ಉಪಯೋಗ ಹಣದ್ದು. ಕಾಡುಕೋಣ ನಮ್ಮ ಗೋವೆಯ ರಾಜ್ಯಪ್ರಾಣಿ. ಗೌರವ ಇರಲಿ, ಆದರೆ ಅದು ರಾತ್ರಿ ಕಬ್ಬಿಗೆ ನುಗ್ಗಿದರೆ ಏನಾಗುತ್ತದೆ ಎಂದು ಕಾಡಂಚಿನ ಸದಸ್ಯರಿಗೆ ಹೇಳಬೇಕಾಗಿಲ್ಲ. ಹಂದಿಯ ಹಾವಳಿ ಬೇರೆ. ರಾಜ್ಯ ಸರಕಾರದ ಶೇತಕರಿ ಆಧಾರ ನಿಧಿಯಿಂದ ಪರಿಹಾರ ಕೇಳುವಾಗ ತುಳಿದ ಕಬ್ಬಿನ ಫೋಟೋ ಮಾತ್ರ ತೋರಿಸಿದರೆ, ಇದು ಯಾರ ಗದ್ದೆ, ಮೊದಲು ಇಲ್ಲಿ ಎಷ್ಟು ಬೆಳೆ ಇತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೋದ ಭಾನುವಾರದ ಗೂಟದ ಫೋಟೋ ಪಕ್ಕದಲ್ಲಿಟ್ಟರೆ ಉತ್ತರ ಅದರಲ್ಲೇ ಇದೆ. ಹಾನಿಯ ಫೋಟೋ ತೆಗೆಯುವಾಗ ಫೋನಿನ ಲೊಕೇಶನ್ ತೆರೆದಿರಲಿ, ಕ್ಯಾಮರಾದ ಸೆಟ್ಟಿಂಗಿನಲ್ಲೂ ಸ್ಥಳ ದಾಖಲಿಸುವುದಕ್ಕೆ ಒಪ್ಪಿಗೆ ಕೊಟ್ಟಿರಲಿ. ತಾರೀಕು, ಗಂಟೆ, ಸ್ಥಳ ಫೋಟೋದ ಹೊಟ್ಟೆಯೊಳಗೇ ಬರೆದುಕೊಳ್ಳುತ್ತವೆ. ಗೊರಸಿನ ಗುರುತನ್ನು ನಾಣ್ಯವಿಟ್ಟು ತೆಗೆಯಿರಿ, ಮತ್ತು ಪಂಚನಾಮೆ ಆಗುವವರೆಗೆ ಗದ್ದೆಯನ್ನು ಚೊಕ್ಕ ಮಾಡಬೇಡಿರಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಯಾವುದಾದರೂ ಬೆಳೆಗೆ ವಿಮೆ ಮಾಡಿಸಿದವರು, ನೀರು ನುಗ್ಗಿದಂಥ ಸ್ಥಳೀಯ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಆ ಮೂರು ದಿನಗಳಲ್ಲಿ ಕೂತು ಫೋಟೋ ಕಲಿಯಲು ಆಗುವುದಿಲ್ಲ.

ಯಾರಿಂದ ಕಲಿಯುವುದು?

ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಪಾಠಗಳಿವೆ. ಆಯುವಾಗ ಒಂದೇ ಪರೀಕ್ಷೆ ಮಾಡಿರಿ: ಹೇಳುವವನು ಫೋಟೋಗಳನ್ನು ತೋರಿಸುತ್ತಾನೆಯೇ, ಕ್ಯಾಮರಾದ ಡಬ್ಬಿಗಳನ್ನು ತೋರಿಸುತ್ತಾನೆಯೇ? ಎರಡನೆಯವನು ಅಂಗಡಿಯವನು. ಒಂದು ಪಾಠ ನೋಡಿದ ಮೇಲೆ ಅದನ್ನು ಗದ್ದೆಯಲ್ಲಿ ಮಾಡಿ ನೋಡದೆ ಮುಂದಿನದನ್ನು ನೋಡಬೇಡಿರಿ. ನೋಡುತ್ತ ಕೂತವರು ವರ್ಷಗಟ್ಟಲೆ ಕೂತಿರುತ್ತಾರೆ. ಶುಲ್ಕ ಕೊಟ್ಟು ಸೇರುವ ತರಗತಿಯಾದರೆ ಗುರುಗಳ ಫೋಟೋಗಳನ್ನಲ್ಲ, ಅವರ ಶಿಷ್ಯರ ಫೋಟೋಗಳನ್ನು ತೋರಿಸಲು ಕೇಳಿರಿ.

ಪೇಟೆಯ ಸ್ಟುಡಿಯೋದವರನ್ನು ನಾವು ಮರೆತೇಬಿಟ್ಟಿದ್ದೇವೆ. ಫೋಂಡಾ, ವಾಳಪೈ, ಕುಡಚಡೆ, ಯಾವ ಊರಿಗೆ ಹೋದರೂ ರೀಲಿನ ಕಾಲದಿಂದ ಈ ಕಸುಬು ಮಾಡಿಕೊಂಡು ಬಂದ ಒಬ್ಬರಾದರೂ ಸಿಕ್ಕಾರು. ಬೆಳಕು ನೋಡುವುದು ಅವರಿಗೆ ಕರತಲಾಮಲಕ. ಮುದ್ರಿಸಲು ಹೋದಾಗ ನಿಮ್ಮ ಐದು ಫೋಟೋಗಳನ್ನು ಮುಂದಿಟ್ಟು, ಇದರಲ್ಲಿ ಏನು ಕೆಟ್ಟಿದೆ ಎಂದು ಕೇಳಿರಿ. ಮದುವೆ ಹಂಗಾಮು ಇಲ್ಲದ ದಿನ ಹೋಗಬೇಕು, ಅಷ್ಟೆ.

ಕನ್ನಡಿಗರಾದ ನಮಗೆ ಇನ್ನೊಂದು ಭಾಗ್ಯವಿದೆ. ಬೇಸಾಯ ಮಾಡುತ್ತಲೇ ಕ್ಯಾಮರಾ ಹಿಡಿದವರ ಮೇಲ್ಪಂಕ್ತಿ ನಮ್ಮ ಮುಂದಿದೆ. 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡೇ ಹಕ್ಕಿಗಳ ಫೋಟೋ ತೆಗೆದರು, ಅವುಗಳ ಮೇಲೆ ಪುಸ್ತಕ ಬರೆದರು. ಅವರ ವಿಷಯ ಅವರ ತೋಟದ ಸುತ್ತಲೇ ಇತ್ತು, ಅದನ್ನು ಹುಡುಕಿಕೊಂಡು ಆಫ್ರಿಕಕ್ಕೆ ಹೋಗಬೇಕಾಗಲಿಲ್ಲ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ಅಡಿಕೆ ಪತ್ರಿಕೆ ಕೃಷಿಕರ ಕೈಗೆ ಲೇಖನಿ ಎಂಬ ಧ್ಯೇಯವನ್ನಿಟ್ಟುಕೊಂಡು ಬೆಳೆಗಾರರಿಂದಲೇ ಬರೆಸಿತು. ಅಂಥ ಪತ್ರಿಕೆಯ ಹಳೆಯ ಸಂಚಿಕೆ ಸಿಕ್ಕರೆ ಲೇಖನ ಓದುವ ಮೊದಲು ಚಿತ್ರಗಳನ್ನು ಮಾತ್ರ ನೋಡಿರಿ: ಗೊನೆಯ ಪಕ್ಕದಲ್ಲಿ ಮನುಷ್ಯನನ್ನು ಏಕೆ ನಿಲ್ಲಿಸಿದ್ದಾರೆ, ಉಪಕರಣವನ್ನು ಯಾವ ಬದಿಯಿಂದ ತೋರಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ? ಬೇರೊಬ್ಬರು ತೆಗೆದ ಒಂದು ಚಿತ್ರವನ್ನು ಹತ್ತು ನಿಮಿಷ ನೋಡುವುದೂ ಅಭ್ಯಾಸವೇ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರು ಸಾಮಾನ್ಯ ಜನರ, ಮಕ್ಕಳ ಚಿತ್ರಗಳಿಂದಲೇ ಹೆಸರಾದವರು. ಅವರ ಪುಸ್ತಕ ಕಂಡರೆ ಬಿಡಬೇಡಿರಿ.

ಪಣಜಿಗೆ ಹೋದವರು ಪಾಟ್ಟೋದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೊಕ್ಕು ಬರಬಹುದು. 1832ರಲ್ಲಿ ಪೋರ್ತುಗೀಸರ ಕಾಲದಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಡಿಸೆಂಬರ್ ಸುಮಾರಿಗೆ ಅದೇ ಊರಿನಲ್ಲಿ 2016ರಿಂದ ನಡೆದುಬಂದಿರುವ ಸೆರೆಂಡಿಪಿಟಿ ಕಲಾ ಉತ್ಸವದಲ್ಲಿ ದೊಡ್ಡದಾಗಿ ಮುದ್ರಿಸಿದ ಛಾಯಾಚಿತ್ರಗಳನ್ನೂ ಇಡುವುದುಂಟು. ಕಟಾವಿನ ಗಡಿಬಿಡಿಯಲ್ಲಿ ನಮಗೆ ಬಿಡುವಾಗುವುದು ಕಷ್ಟ, ಮಕ್ಕಳನ್ನಾದರೂ ಕಳಿಸಿರಿ. ಹಳೆಗೋವೆಯ ಎಲಾದಲ್ಲಿರುವ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಗೂ ಅಲ್ಲಿನ ಕೃಷಿ ವಿಜ್ಞಾನ ಕೇಂದ್ರಕ್ಕೂ ಹೋದಾಗ ರೋಗದ ಫೋಟೋಗಳನ್ನು ತೋರಿಸಿ, ನಿಮಗೆ ಇನ್ನೇನು ಕಾಣಬೇಕಾಗಿತ್ತು ಎಂದು ವಿಜ್ಞಾನಿಗಳನ್ನೇ ಕೇಳಿರಿ. ಫೋಟೋ ನೋಡಿ ನಿರ್ಧಾರ ಮಾಡಬೇಕಾದವನು ಕೇಳುವ ಪ್ರಶ್ನೆಗಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ನನಗೆ ಕಳಿಸಿದಾಗಲೂ ಅಷ್ಟೆ. ಇನ್ನೊಂದು ತೆಗೆಯಿರಿ ಎಂದರೆ ಬೇಸರ ಮಾಡಿಕೊಳ್ಳಬೇಡಿರಿ.

ಕಳಿಸುವ ಕ್ರಮ, ಫೋನಿನ ಆರೈಕೆ

ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೋ ದಾರಿಯಲ್ಲಿ ಕುಗ್ಗುತ್ತದೆ. ಒಳಗಿನ ತಾರೀಕು, ಸ್ಥಳದ ದಾಖಲೆಯೂ ಅಳಿಸಿಹೋಗುತ್ತದೆ. ಆದ್ದರಿಂದ ಡಾಕ್ಯುಮೆಂಟ್ ಎಂಬ ಗುರುತನ್ನು ಒತ್ತಿ ಅದರ ಮೂಲಕ ಕಳಿಸಿರಿ, ಮೂಲ ಚಿತ್ರ ಹಾಗೆಯೇ ಬರುತ್ತದೆ. ಫೋನಿನಲ್ಲಿರುವ ಮೂಲವನ್ನು ಅಳಿಸಬೇಡಿರಿ. ಜೊತೆಗೆ ಐದು ವಿಷಯ ಬರೆಯಿರಿ: ತಳಿ, ನಾಟಿಯೋ ಕುಳೆಯೋ, ಎಷ್ಟನೆಯ ಕುಳೆ, ಬೆಳೆಯ ವಯಸ್ಸು, ಕಳೆದ ಹದಿನೈದು ದಿನಗಳಲ್ಲಿ ಏನು ಕೊಟ್ಟಿರಿ ಅಥವಾ ಹೊಡೆದಿರಿ.

ಕಬ್ಬಿನ ರಸ ತಾಗಿದ ಬೆರಳಿನಿಂದ ಫೋನಿನ ಕಣ್ಣನ್ನು ಮುಟ್ಟಿದರೆ ಎಲ್ಲ ಚಿತ್ರವೂ ಮಂಜು ಕವಿದಂತೆ ಬರುತ್ತದೆ. ಹಳೆಯ ಹತ್ತಿಬಟ್ಟೆಯ ಒಂದು ತುಂಡು ಜೇಬಿನಲ್ಲಿರಲಿ. ಮೊದಲು ಊದಿ ಮಣ್ಣಿನ ಕಣ ಹಾರಿಸಿ ಆಮೇಲೆ ಒರೆಸಿರಿ, ಇಲ್ಲದಿದ್ದರೆ ಗಾಜಿಗೆ ಗೀರು ಬೀಳುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಈ ನಾಡಿನಲ್ಲಿ, ಮನೆಯಲ್ಲಿ ಹಳೆಯ ಕ್ಯಾಮರಾ ಇದ್ದವರು ಅದನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬಾರದು, ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಪೊಟ್ಟಣದ ಹರಳುಗಳ ಬಣ್ಣ ತಿರುಗಿದಾಗ ಅವನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಿರಿ. ಅಡುಗೆಗೆ ಆ ಬಾಣಲೆಯನ್ನು ಬಳಸಬಾರದು.